ಮೊದಲ ತುತ್ತಿನ ಸುಬೇದಾರರು

ತಂಗಿಯನ್ನು ನೋಡಿಕೊಂಡು ಬರಲು ದೆಹಲಿಗೆ ಹೋಗುತ್ತಿದ್ದೇನೆ ಎಂದು ಪ್ರತಿ ಡಿಸೆಂಬರಿನಲ್ಲೂ ನಮ್ಮ ಶಾಲೆಯಲ್ಲಿ ರಜೆಯ ಅರ್ಜಿ ಕೊಡುತ್ತೇನೆ. ಅದು ಅರ್ಧ ಸತ್ಯ. ಉಳಿದರ್ಧವನ್ನು ಅರ್ಜಿಯಲ್ಲಿ ಬರೆಯಲಾಗುವುದಿಲ್ಲ: ನಾನು ಅಲ್ಲಿಗೆ ತಿನ್ನಲು ಹೋಗುತ್ತೇನೆ. ದಾವಣಗೆರೆಯಲ್ಲಿ ಹುಟ್ಟಿ, ಬೆಣ್ಣೆ ದೋಸೆ ತಿಂದು ಬೆಳೆದು, ಅಲ್ಲೇ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾ, ನಾಲಿಗೆಯ ವಿಷಯದಲ್ಲಿ ಯಾರ ಮುಂದೂ ತಲೆ ತಗ್ಗಿಸದೆ ಇದ್ದವಳು ನಾನು. ದೆಹಲಿಯಲ್ಲೂ ತಿನ್ನುವಂಥದ್ದು ಇದೆ ಎಂದು ನನಗೆ ತೋರಿಸಿಕೊಟ್ಟವರು ಒಬ್ಬ ಸುಬೇದಾರರು. ತಂಗಿ ಸುಜಾತಾ ಇರುವ, ದೆಹಲಿಗೆ ಅಂಟಿಕೊಂಡ ಇಂದಿರಾಪುರಂನ ಅಪಾರ್ಟ್‌ಮೆಂಟಿನಲ್ಲಿ, ಅವಳಿಗಿಂತ ಎರಡು ಮಹಡಿ ಕೆಳಗೆ, ಮಗ ಸೊಸೆಯ ಜೊತೆಗಿದ್ದ ಕೊಡಗಿನ ಹಿರಿಯರು. ಹೆಸರು ಹೇಳುವುದಿಲ್ಲ. ಅಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಯೇ ಇಲ್ಲ. ಎಲ್ಲರಿಗೂ ಅವರು ಸಾಬ್, ನಮ್ಮಂಥವರಿಗೆ ಸುಬೇದಾರ್ರು.

ಈ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಸುಜಾತಾ ಫೋನ್ ಮಾಡಿ, “ಅಕ್ಕಾ, ಸುಬೇದಾರ್ರು ಹೋಗ್ಬಿಟ್ರು ಕಣೆ. ವಾಕಿಂಗ್ ಮುಗಿಸಿ ಬಂದು, ಚಹಾ ಕುಡಿದು, ಹಂಗೇ ಕುರ್ಚಿಲೇ” ಅಂದಳು. ನಾನು ಸುಲಭಕ್ಕೆ ಅಳುವವಳಲ್ಲ. ಆದರೆ ಅವತ್ತು ಒಲೆಯ ಮೇಲಿನ ಉಪ್ಪಿಟ್ಟು ತಳ ಹಿಡಿದು ಮನೆಯೆಲ್ಲ ಹೊಗೆಯಾದರೂ ನನಗೆ ಗೊತ್ತಾಗಲಿಲ್ಲ. ಶಾಲೆಗೆ ಹೋದೆ. ಮೂರನೇ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಟೀಚರ್, ಇವತ್ತು ನೀವು ಯಾರಿಗೂ ಬೈದೇ ಇಲ್ಲ, ಹುಷಾರಿಲ್ವಾ?” ಎಂದು ಕೇಳಿದಳು. ಅವಳಿಗೂ ಬೈಯಲಿಲ್ಲ.

ಅವರನ್ನು ಮೊದಲು ನೋಡಿದ್ದು ಲಿಫ್ಟಿನಲ್ಲಿ. ಒಂಬತ್ತು ವರ್ಷ ಆಯಿತು. ಎರಡು ರಾತ್ರಿ ರೈಲಿನಲ್ಲಿ ಕುಳಿತು ಸೊಂಟ ಹಿಡಿದುಕೊಂಡಿದ್ದ ನಾನು, ಹಗ್ಗ ಕಟ್ಟಿದ ರಟ್ಟಿನ ಡಬ್ಬವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತಿದ್ದೆ. ಒಳಗೆ ಕಡಕ್ ರೊಟ್ಟಿ, ಮಂಡಕ್ಕಿ, ಶೇಂಗಾ ಚಟ್ನಿಪುಡಿ. ಇಸ್ತ್ರಿ ಮಾಡಿದ ಪ್ಯಾಂಟು, ಕತ್ತರಿಸಿದ ಬಿಳಿ ಮೀಸೆಯ ಉದ್ದನೆಯ ಮನುಷ್ಯರೊಬ್ಬರು ಹತ್ತಿದರು. ಲಿಫ್ಟಿನ ಬಾಗಿಲು ಮುಚ್ಚಿತು. ಅವರು ಒಂದು ಸಲ ಉಸಿರೆಳೆದುಕೊಂಡು, ನನ್ನ ಮುಖ ನೋಡದೆ, ಅಚ್ಚ ಕನ್ನಡದಲ್ಲಿ, “ಶೇಂಗಾ ಚಟ್ನಿ. ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಆಗಿದೆ” ಅಂದರು.

ನನಗೆ ಸರ್ರನೆ ಸಿಟ್ಟು ಬಂತು. ನಮ್ಮ ಮನೆಯ ಚಟ್ನಿಪುಡಿಯನ್ನು ಡಬ್ಬದ ಹೊರಗೆ ನಿಂತು ತೀರ್ಮಾನ ಮಾಡುವ ಈ ಮನುಷ್ಯ ಯಾರು? “ತಿಂದು ಹೇಳಿ” ಅಂದೆ. “ತಿನ್ನೋಕೆ ಕೊಟ್ರೆ ತಾನೇ” ಅಂದರು. ಸಂಜೆ ಒಂದು ಬಟ್ಟಲಿನಲ್ಲಿ ಹಾಕಿ ಕಳಿಸಿದೆ. ಬೆಳ್ಳುಳ್ಳಿ ನಿಜಕ್ಕೂ ಜಾಸ್ತಿಯಾಗಿತ್ತು. ಅದನ್ನು ಅವರಿಗೆ ಹೇಳಲಿಲ್ಲ.

ಸೈನ್ಯದಲ್ಲಿ ಅವರು ಬಂದೂಕು ಹಿಡಿದದ್ದಕ್ಕಿಂತ ಹೆಚ್ಚು ವರ್ಷ ಲಂಗರಿನ ಉಸ್ತುವಾರಿ ನೋಡಿದವರು. ಜವಾನರ ಅಡುಗೆಮನೆಯನ್ನು ಅಲ್ಲಿ ಲಂಗರ್ ಎನ್ನುತ್ತಾರೆ. ಹುಡುಗರು ತಟ್ಟೆ ಹಿಡಿದು ಸಾಲು ನಿಲ್ಲುವ ಮೊದಲು ಹಿರಿಯನೊಬ್ಬ ದಾಲ್, ರೊಟ್ಟಿ, ಪಲ್ಯ ಎಲ್ಲದರಲ್ಲೂ ಒಂದೊಂದು ತುತ್ತು ತಿಂದು ನೋಡಬೇಕು. ಅವನು ಸರಿ ಎಂದ ಮೇಲೆಯೇ ಬಡಿಸುವುದು. ಇಪ್ಪತ್ತು ವರ್ಷ ಆ ತುತ್ತು ತಿಂದವರು ಇವರು. ನಿವೃತ್ತರಾಗಿ, ಹೆಂಡತಿ ತೀರಿಕೊಂಡು, ಮಗನ ಮನೆಗೆ ಬಂದಾಗ ಅವರ ಬಳಿ ಉಳಿದಿದ್ದ ವಿದ್ಯೆ ಅದೊಂದೇ. ಲಖನೌ ಕಡೆಯ ಸೊಸೆ ಬಹಳ ಒಳ್ಳೆಯವಳು. ಆದರೆ ಮಾವ ಅಡುಗೆಮನೆಯ ಕಡೆ ತಲೆ ಹಾಕಿದರೆ ಸಾಕು, “ಪಾಪಾಜಿ, ಆಪ್ ಬೈಠಿಯೇ” ಎಂದು ಕುರ್ಚಿ ತೋರಿಸುತ್ತಿದ್ದಳು. “ಪಾಕಿಸ್ತಾನದ ಗುಂಡಿಗೆ ನಾನು ಹೆದರಲಿಲ್ಲ ಟೀಚರ್, ಈ ಬೈಠಿಯೇಗೆ ಹೆದರ್ತೀನಿ” ಎನ್ನುತ್ತಿದ್ದರು.

ಹೀಗಾಗಿ ಡಿಸೆಂಬರಿನ ಕೊನೆಯ ಭಾನುವಾರ ಅವರ ಪಾಲಿಗೆ ವರ್ಷದ ದೊಡ್ಡ ದಿನ. ಆ ಅಪಾರ್ಟ್‌ಮೆಂಟಿನ ಕನ್ನಡದ ಮನೆಗಳೆಲ್ಲ ಒಂದೊಂದು ಪಾತ್ರೆ ಅಡುಗೆ ಮಾಡಿಕೊಂಡು ಕೆಳಗಿನ ಹುಲ್ಲುಹಾಸಿಗೆ ಬರುತ್ತವೆ. ಬಿಸಿಲಿನಲ್ಲಿ ಮೇಜು ಹಾಕಿ ಪಾತ್ರೆಗಳನ್ನು ಸಾಲಾಗಿ ಇಡುತ್ತಾರೆ. ಸುಬೇದಾರರು ಸ್ವೆಟರಿನ ತೋಳು ಮಡಚಿ, ಪ್ರತಿ ಪಾತ್ರೆಯಿಂದ ಸೌಟಿನ ತುದಿಯಲ್ಲಿ ಒಂದಿಷ್ಟು ಎಡಗೈಗೆ ಹಾಕಿಕೊಂಡು, ನೆಕ್ಕಿ, ಕಣ್ಣು ಮುಚ್ಚಿ, ಆಕಾಶ ನೋಡಿ, “ಪಾಸ್” ಅಂದರೆ ಮುಗಿಯಿತು. ಕೆಲವೊಮ್ಮೆ “ಹುಳಿ ಒಂದು ಕುದಿ ಕಡಿಮೆ” ಅನ್ನುತ್ತಿದ್ದರು. ಆ ಮನೆಯವರು ಮರುಮಾತಿಲ್ಲದೆ ಪಾತ್ರೆ ಎತ್ತಿಕೊಂಡು ಲಿಫ್ಟ್ ಹತ್ತುತ್ತಿದ್ದರು. ನಾಲ್ಕು ಕಡೆಯಿಂದ ಬಂದ ಮಂದಿ, ಮನೆಯಲ್ಲಿ ಅತ್ತೆಯ ಮಾತೂ ಕೇಳದ ಹೆಂಗಸರು, ಇವರ ಮುಂದೆ ಪರೀಕ್ಷೆಗೆ ಬಂದ ಮಕ್ಕಳ ಹಾಗೆ ನಿಲ್ಲುತ್ತಿದ್ದದ್ದು ನೋಡಿ ನನಗೆ ಹೊಟ್ಟೆಕಿಚ್ಚು ಕೂಡ ಆಗಿದೆ. ನನ್ನ ತರಗತಿಯಲ್ಲಿ ಅಷ್ಟು ಶಿಸ್ತು ಇಲ್ಲ.

ನನ್ನನ್ನು ದೆಹಲಿ ತಿನ್ನಿಸಲು ಕರೆದುಕೊಂಡು ಹೋಗುವ ಕೆಲಸವನ್ನೂ ಅವರೇ ವಹಿಸಿಕೊಂಡರು. ಸುಜಾತಾಳಿಗೆ ಆಫೀಸು, ಅವಳ ಮಗಳು ಮಿನ್ನಿಗೆ ಸ್ಕೂಲು. ನಾವಿಬ್ಬರೂ ಮೆಟ್ರೋ ಹತ್ತುತ್ತಿದ್ದೆವು. ಅವರಿಗೆ ಅವರದೇ ಕಾನೂನುಗಳಿದ್ದವು. ನಿಂತೇ ತಿನ್ನಬೇಕು. ಬೋರ್ಡು ದೊಡ್ಡದಿದ್ದ ಅಂಗಡಿಗೆ ಹೋಗಬಾರದು. ಅಂಗಡಿಯವನು ತಾನೇ ತನ್ನ ತಿಂಡಿ ತಿನ್ನುತ್ತಾನೋ ಇಲ್ಲವೋ ನೋಡಬೇಕು; ತಿನ್ನದಿದ್ದರೆ ವಾಪಸ್. ಹೌಜ್ ಖಾಸ್‌ನಲ್ಲಿ ಕಾಲೇಜು ಹುಡುಗರ ನಡುವೆ ನಿಂತು, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದ ಮೂಲಂಗಿ ಪರೋಟ ತಿಂದ ದಿನ, ಬೆಣ್ಣೆಯ ಉಂಡೆ ಅದರ ಮೇಲೆ ಕರಗುತ್ತಿರುವುದನ್ನು ತೋರಿಸಿ, “ಏನಂತೀರಿ, ನಿಮ್ಮೂರ ದೋಸೆ ಸೋತಿತಾ?” ಎಂದು ಕೇಳಿದರು. “ಸೋಲೋ ಮಾತೇ ಇಲ್ಲ. ಬೇಕಾದ್ರೆ ಡ್ರಾ ಅನ್ನಿ” ಅಂದೆ. ನಾನು ಇನ್ನೊಂದು ಪರೋಟ ಕೇಳಿದಾಗ ಅವರು ಅಂಗಡಿಯವನಿಗೆ, “ಭಯ್ಯಾ, ಏಕ್ ಔರ್. ಡ್ರಾ ಹೋ ಗಯಾ” ಅಂದರು. ಅವನಿಗೆ ಏನೂ ಅರ್ಥವಾಗದೆ ಎರಡು ತಂದಿಟ್ಟ.

ಎರಡನ್ನೂ ತಿಂದೆ, ಬಿಡಿ.

ಆಮೇಲೆ ಆ ಜ್ವರದ ವರ್ಷಗಳು ಬಂದವು. ಎರಡು ಡಿಸೆಂಬರು ನಾನು ಹೋಗಲಿಲ್ಲ. ಸುಬೇದಾರರಿಗೂ ಜ್ವರ ಬಂದು ಆಸ್ಪತ್ರೆ ಸೇರಿ ಬದುಕಿ ಬಂದರು ಎಂದು ಸುಜಾತಾ ಹೇಳಿದ್ದಳು. ಮತ್ತೆ ಹೋದಾಗ ಅದೇ ಲಿಫ್ಟಿನಲ್ಲಿ ಸಿಕ್ಕರು. ಮೀಸೆ ಹಾಗೇ ಇತ್ತು, ಕೆನ್ನೆ ಒಳಗೆ ಹೋಗಿತ್ತು. ನನ್ನ ಕೈಯಲ್ಲಿ ಅದೇ ರಟ್ಟಿನ ಡಬ್ಬ. “ಆರಾಮಾ ಟೀಚರ್?” ಎಂದು ಕೇಳಿದರು. ಡಬ್ಬದ ಬಗ್ಗೆ ಒಂದು ಮಾತೂ ಆಡಲಿಲ್ಲ. ವಯಸ್ಸಾಗಿ ಮನುಷ್ಯ ಸ್ವಲ್ಪ ಮರ್ಯಾದೆ ಕಲಿತಿದ್ದಾರೆ ಅಂದುಕೊಂಡೆ ನಾನು. ಎಂಥ ದಡ್ಡಿ.

ಆ ವರ್ಷದ ಊಟಕ್ಕೆ ನಾನೂ ಸುಜಾತಾಳೂ ಹೋಳಿಗೆ ಮತ್ತು ಕಟ್ಟಿನ ಸಾರು ಮಾಡಿದೆವು. ಹೋಳಿಗೆಯ ಬೇಳೆ ಬಸಿದ ಕಟ್ಟಿನಲ್ಲಿ ಮಾಡುವ ಸಾರು. ನಮ್ಮ ಕಡೆ ಹೋಳಿಗೆಗಿಂತ ಅದಕ್ಕೇ ಮಂದಿ ಬಾಯಿ ಬಿಡುತ್ತಾರೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ: ಹೋಳಿಗೆ ಮಾಡಿದ ದಿನ ದೇವರಿಗೆ ಎಡೆ ಹಿಡಿಯುವವರೆಗೆ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ಉಪ್ಪು ಖಾರ ಎಲ್ಲ ಕಣ್ಣಂದಾಜು. ಇನ್ನೊಂದು ಪದ್ಧತಿ, ಚಿಕ್ಕಂದಿನಿಂದಲೂ ಸಾರಿಗೆ ಉಪ್ಪು ಹಾಕುವುದು ಸುಜಾತಾ, ಯಾಕೆಂದರೆ ನನ್ನ ಕೈ ಭಾರ ಎಂದು ಅವ್ವ ತೀರ್ಮಾನ ಮಾಡಿದ್ದಳು. ಒಬ್ಬಳೇ ಅಡುಗೆ ಮಾಡಿಕೊಂಡು ಇಷ್ಟು ವರ್ಷ ಕಳೆದ ನನಗೆ ಅದು ಮರೆತೇ ಹೋಗಿತ್ತು. ಅವಳು ಹಾಕಿದಳು. ನಾನೂ ಹಾಕಿದೆ. ಹೊತ್ತಾಗಿತ್ತು, ಎಡೆ ಹಿಡಿದವರೇ ಪಾತ್ರೆ ಎತ್ತಿಕೊಂಡು ಓಡಿದೆವು. ರುಚಿ ನೋಡಲು ಕೆಳಗೆ ಸುಬೇದಾರರು ಇದ್ದಾರಲ್ಲ.

ಅವರು ಅಂಗೈಗೆ ಹಾಕಿಕೊಂಡರು, ನೆಕ್ಕಿದರು, ಕಣ್ಣು ಮುಚ್ಚಿದರು, ಆಕಾಶ ನೋಡಿದರು. “ಪಾಸ್. ಇಂಥ ಸಾರು ಸಿಗೋಲ್ಲ” ಅಂದರು.

ನಾನು ಹೆಮ್ಮೆಯಿಂದ ಒಂದು ಲೋಟಕ್ಕೆ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದೆ. ಬಾಯಿ ಸುಟ್ಟಂತಾಯಿತು. ಬಿಸಿಗಲ್ಲ, ಉಪ್ಪಿಗೆ. ಸಮುದ್ರದ ನೀರು ಇದಕ್ಕಿಂತ ವಾಸಿ. ಸುಜಾತಾಳ ಸೆರಗು ಎಳೆದು, “ಉಪ್ಪು ಹಾಕಿದ್ಯಾ?” ಎಂದು ಪಿಸುಗುಟ್ಟಿದೆ. “ಹಾಕಿದೆ. ನಾನೇ ತಾನೇ ಹಾಕೋದು?” ಅಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಗ ನನಗೆ ಹೊಳೆದದ್ದು ಸಾರಿನ ಗತಿಯಲ್ಲ. ಇಷ್ಟು ಉಪ್ಪು ಗೊತ್ತಾಗದ ನಾಲಿಗೆ ಅದು ನಾಲಿಗೆಯೇ ಅಲ್ಲ. ಇನ್ನೆರಡು ನಿಮಿಷಕ್ಕೆ ಅಷ್ಟೂ ಜನ ಇದನ್ನು ಕುಡಿಯುತ್ತಾರೆ, ಅಷ್ಟೂ ಜನರಿಗೆ ತಿಳಿಯುತ್ತದೆ, ನಾಳೆಯಿಂದ ಈ ಹುಲ್ಲುಹಾಸಿನಲ್ಲೂ ಎಲ್ಲರೂ ಅವರಿಗೆ ಕುರ್ಚಿ ತೋರಿಸಿ ಬೈಠಿಯೇ ಅನ್ನುತ್ತಾರೆ.

ಯೋಚನೆ ಮಾಡುವ ಮೊದಲೇ ನನ್ನ ಬಾಯಿ ಕೂಗಿತು. “ಯಾರೂ ಸಾರು ಹಾಕ್ಕೋಬೇಡಿ. ಸಾಬ್ ಪಾಸ್ ಮಾಡಿದ ಮೇಲೆ ನಾನು ಸಪ್ಪೆ ಇರಬಹುದು ಅಂತ ಇನ್ನೊಂದು ಹಿಡಿ ಉಪ್ಪು ಹಾಕ್ಬಿಟ್ಟೆ. ಕೆಡಿಸಿಬಿಟ್ಟೆ.”

ಅದರ ಮೇಲೆ ನಾನು ತಿಂದ ಬೈಗುಳ ಅಷ್ಟಿಷ್ಟಲ್ಲ. ಸಾಬ್ ಪಾಸ್ ಮಾಡಿದ ಪಾತ್ರೆಗೆ ಕೈ ಹಾಕುವುದೆಂದರೇನು? ಮಂಗಳೂರಿನ ಲ್ಯಾನ್ಸಿ, ಎಂಟನೇ ಮಹಡಿಯ ಐಟಿ ಹುಡುಗ, “ಲೆಕ್ಕದ ಟೀಚರಿಗೆ ಉಪ್ಪಿನ ಲೆಕ್ಕ ಬರೋದಿಲ್ವಾ?” ಎಂದು ಕೇಳಿದ. ಬಿಸಿನೀರು, ಬೆಲ್ಲ, ಹುಣಸೆ ಏನೇನೋ ಸುರಿದು ಸಾರನ್ನು ಹೇಗೋ ಎಬ್ಬಿಸಿ ನಿಲ್ಲಿಸಿದರು. ಪಾಸ್ ಅಂದಾಗಿನಿಂದ ಸುಬೇದಾರರು ಆ ಪಾತ್ರೆಯ ಪಕ್ಕ ಬಿಟ್ಟು ಕದಲಿರಲಿಲ್ಲ. ನಾನು ಆಮೇಲೆ ಉಪ್ಪು ಹಾಕಲಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ಎಡಗೈಯನ್ನು ಕರ್ಚೀಫಿನಲ್ಲಿ ಒರೆಸುತ್ತಾ ನಿಂತಿದ್ದರು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದರು. “ಕರೋಲ್ ಬಾಗ್‌ಗೆ ಹೋಗೋಣ. ಚಲೋ” ಅಂದರು. ವೈಶಾಲಿ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಅಲ್ಲಿ ಇಳಿದೆವು. ಸೈಕಲ್ ರಿಕ್ಷಾಗಳ ನಡುವೆ ನುಸುಳಿ, ಒಂದು ಸಣ್ಣ ಅಂಗಡಿಯ ಮುಂದೆ ನಿಂತು ಎರಡು ಪ್ಲೇಟ್ ಛೋಲೆ ಭಟೂರೆ ಹೇಳಿದರು. ಬಂತು. ಯಾವಾಗಲೂ ಮೊದಲ ತುತ್ತು ಅವರದು. ಅವತ್ತು ತಟ್ಟೆಯನ್ನು ನನ್ನ ಕಡೆ ತಳ್ಳಿದರು.

“ನೀವು ಮೊದಲು ತಿನ್ನಿ. ತಿಂದು ಹೇಗಿದೆ ಹೇಳಿ.”

“ಎಷ್ಟು ದಿನ ಆಯ್ತು?” ಎಂದು ಕೇಳಿದೆ.

“ಆ ಜ್ವರ ಬಂತಲ್ಲ, ಅವಾಗಿಂದ. ಎಲ್ಲರಿಗೂ ಹೋಗಿ ವಾಪಸ್ ಬಂತಂತೆ. ನನ್ನದು ಬರಲಿಲ್ಲ. ಊರಿಂದ ತಂಗಿ ಕಾಚಂಪುಲಿ ಕಳಿಸಿದ್ಲು. ನಮ್ಮ ಕಡೆ ಹಂದಿ ಮಾಂಸಕ್ಕೆ ಹಾಕೋ ಹುಳಿ, ನಿಮಗೆ ಬೇಡ ಬಿಡಿ. ಮುಚ್ಚಳ ತೆಗೆದು ಮೂಗಿಗೆ ಹಿಡ್ಕೊಂಡೆ. ನೀರು. ಅವತ್ತು ಬಾಟಲಿ ಹಿಡ್ಕೊಂಡು ಒಬ್ಬನೇ ಅತ್ತೆ ಟೀಚರ್. ಹೆಂಡತಿ ಹೋದಾಗ್ಲೂ ಹಾಗೆ ಅತ್ತಿರ್ಲಿಲ್ಲ.”

“ಮಗನಿಗೆ ಹೇಳಿಲ್ವಾ?”

“ಹೇಳಿದ್ರೆ ಡಾಕ್ಟ್ರು, ಮಾತ್ರೆ, ಆಮೇಲೆ ಪಾಪ ಅಂತ ಎಲ್ಲರೂ ನೋಡೋದು. ಇದೊಂದು ಕೆಲಸ ಇದೆ ನನಗೆ. ಇದೂ ಹೋದ್ರೆ ನಾನು ಆ ಮನೆಯಲ್ಲಿ ಏನು ಮಾಡ್ಲಿ?”

ಭಟೂರೆ ಮುರಿದು ಛೋಲೆಗೆ ಅದ್ದಿ ಬಾಯಿಗಿಟ್ಟೆ. “ಚೆನ್ನಾಗಿದೆ” ಅಂದೆ.

“ಚೆನ್ನಾಗಿದೆ ಅಂತ ಯಾರು ಬೇಕಾದ್ರೂ ಹೇಳ್ತಾರೆ. ನೀವು ಲೆಕ್ಕದ ಟೀಚರ್. ಬಿಡಿಸಿ ಹೇಳಿ.”

ಬಿಡಿಸಿ ಹೇಳಿದೆ. ಮೊದಲು ಹುಳಿ ಬರುತ್ತೆ, ಮಾವಿನಕಾಯಿ ಪುಡಿಯದ್ದು. ಅದು ಮುಗಿಯೋ ಮೊದಲೇ ಕಪ್ಪು ಉಪ್ಪು. ಖಾರ ನಾಲಿಗೆಯಲ್ಲಿಲ್ಲ, ಗಂಟಲಿನಲ್ಲಿ, ನುಂಗಿದ ಮೇಲೆ ಬರುತ್ತೆ. ಕಾಳು ಬೆಂದಿದೆ, ಆದರೆ ಮುದ್ದೆಯಾಗಿಲ್ಲ. ಎಣ್ಣೆ ಹೊಸದು. ಹುಳಿ ಎರಡು ಪಾಲು ಇದ್ದರೆ ಖಾರ ಒಂದೂವರೆ. ಅವರು ತಮ್ಮ ತಟ್ಟೆಯಿಂದ ತಿನ್ನುತ್ತಾ, ಕಣ್ಣು ಮುಚ್ಚಿಕೊಂಡು ಕೇಳಿದರು. “ಹೌದು. ಹೌದು. ಹಾಗೇ ಇತ್ತು” ಅಂದರು. ಪಕ್ಕದಲ್ಲಿ ತಿನ್ನುತ್ತಿದ್ದ ಸರ್ದಾರ್‌ಜಿ, ಇದೇನು ಇವರು ತಟ್ಟೆ ಮುಂದಿಟ್ಟುಕೊಂಡು ಪ್ರಾರ್ಥನೆ ಮಾಡುತ್ತಿದ್ದಾರಾ ಎಂಬಂತೆ ನೋಡಿದರು.

ಆಮೇಲಿನ ಚಳಿಗಾಲಗಳಲ್ಲಿ ನಾವು ತಿಂದದ್ದೆಲ್ಲ ಹೀಗೆಯೇ. ಗೋಲ್‌ಗಪ್ಪ, ಸುಟ್ಟ ಗೆಣಸಿನ ಶಕರ್‌ಕಂದಿ ಚಾಟ್, ಚಳಿಯಲ್ಲಿ ಮಾತ್ರ ಸಿಗುವ ಗಾಜರ್ ಹಲ್ವಾ. ನಾನು ಹೇಳುತ್ತಾ ತಿನ್ನುವುದು, ಅವರು ಕೇಳುತ್ತಾ ತಿನ್ನುವುದು. ಹೇಳಬೇಕಾದ್ದರಿಂದ ನಾನೂ ನಿಧಾನಕ್ಕೆ ತಿನ್ನುವುದನ್ನು ಕಲಿತೆ. ಇಷ್ಟು ವರ್ಷ ನುಂಗುತ್ತಿದ್ದೆ ಅಷ್ಟೆ.

ಡಿಸೆಂಬರಿನ ಊಟಕ್ಕೆ ಒಂದು ಗುರುತು ಮಾಡಿಕೊಂಡೆವು. ಬಂದ ಪಾತ್ರೆಗಳನ್ನು ನಾನು ಯಾರಿಗೂ ಕಾಣದಂತೆ ಮೊದಲೇ ರುಚಿ ನೋಡಿಕೊಂಡು, ಅವರ ಎಡಕ್ಕೆ ನಿಲ್ಲುವುದು. ಏನಾದರೂ ಹೆಚ್ಚುಕಡಿಮೆ ಇದ್ದರೆ ಕೆಮ್ಮುವುದು. ದೆಹಲಿಯ ಚಳಿಗಾಲದ ಹೊಗೆಯಲ್ಲಿ ಕೆಮ್ಮನ್ನು ಗುರುತಾಗಿ ಇಟ್ಟುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ. ಕಲಬುರಗಿಯ ಸಲ್ಮಾ, ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಟೊಮ್ಯಾಟೊ ಬಾತ್ ಮಾಡಿ ತಂದಿದ್ದಳು. ಮುತ್ತಿನಂಥ ಬಾತ್. ಅವರು ಅಂಗೈ ನೆಕ್ಕುವುದಕ್ಕೂ ನನಗೆ ನಿಜವಾದ ಕೆಮ್ಮು ಬರುವುದಕ್ಕೂ ಸರಿಹೋಯಿತು. ಸುಬೇದಾರರು ಮುಖ ಗಂಟಿಕ್ಕಿ, “ಉಹುಂ, ಏನೋ ಕಡಿಮೆ ಇದೆ” ಅಂದುಬಿಟ್ಟರು. ಪಾಪ, ಆ ಹುಡುಗಿ ಪಾತ್ರೆ ಹೊತ್ತುಕೊಂಡು ಹೋಗಿ ಅರ್ಧ ಗಂಟೆಯ ಮೇಲೆ ಅದನ್ನೇ ಬಿಸಿ ಮಾಡಿಕೊಂಡು ಬಂದಳು. ಈ ಸಲ ನಾನು ಉಸಿರು ಬಿಗಿಹಿಡಿದು ನಿಂತೆ. ಪಾಸಾಯಿತು.

ಕಳೆದ ಡಿಸೆಂಬರಿನಲ್ಲಿ ಮಿನ್ನಿ ತಾನೊಂದು ಪಾತ್ರೆ ತರುತ್ತೇನೆಂದು ಹಟ ಹಿಡಿದಳು. ಅವಳಿಗೀಗ ಹದಿನಾರು. ಹುಟ್ಟಿದ ಮೇಲೆ ಮೊದಲ ಅಡುಗೆ, ಹೆಸರುಬೇಳೆ ಪಾಯಸ. ನನ್ನನ್ನಾಗಲಿ ಅವಳ ಅಮ್ಮನನ್ನಾಗಲಿ ಒಲೆಯ ಹತ್ತಿರ ಬಿಡಲಿಲ್ಲ, ರುಚಿ ನೋಡಲೂ ಬಿಡಲಿಲ್ಲ. ಪಾತ್ರೆಯನ್ನು ತಾನೇ ಹೊತ್ತು ತಂದು ನೇರ ಸುಬೇದಾರರ ಮುಂದೆ ಇಟ್ಟಳು. ಅವರು ನನ್ನ ಕಡೆ ನೋಡಿದರು. ನನಗೂ ಗೊತ್ತಿಲ್ಲ ಎಂದು ತಲೆಯಾಡಿಸಿದೆ. ಅವರು ಅಂಗೈಗೆ ಹಾಕಿಕೊಂಡು ನೆಕ್ಕಿ ಬಾಯಿ ತೆರೆಯುವಷ್ಟರಲ್ಲಿ ಮಿನ್ನಿ ತಡೆದಳು.

“ತಾತಾ, ಪಾಸ್ ಅಂತ ಮಾತ್ರ ಅನ್ಬೇಡಿ. ಸಚ್ ಬತಾನಾ. ಏನು ಕಮ್ ಇದೆ, ಏನು ಜ್ಯಾದಾ ಇದೆ, ಅದು ಹೇಳಿ. ಮುಝೆ ಸೀಖ್‌ನಾ ಹೈ.”

ಸುಬೇದಾರರು ಆಕಾಶ ನೋಡಲಿಲ್ಲ. ಅವಳನ್ನೇ ನೋಡಿದರು. ಏನಾದರೂ ಸುಳ್ಳು ಹೇಳಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ಗೊತ್ತಾಗೋದಿಲ್ಲ ಮಗಳೇ” ಅಂದರು. “ನನಗೆ ರುಚಿ ಗೊತ್ತಾಗೋದಿಲ್ಲ. ಆ ಜ್ವರ ಬಂದಾಗಿಂದ. ಕಲಿಯೋರಿಗೆ ಸುಳ್ಳು ಹೇಳಬಾರದು. ಇಷ್ಟು ವರ್ಷ ಎಲ್ಲರಿಗೂ ಸುಳ್ಳು ಪಾಸ್ ಕೊಟ್ಟಿದ್ದೀನಿ. ಮಾಫ್ ಮಾಡಿ.” ಸೌಟನ್ನು ಮೇಜಿನ ಮೇಲಿಟ್ಟರು.

ಲ್ಯಾನ್ಸಿ ತಲೆ ಕೆರೆದುಕೊಂಡು, “ಸಾಬ್, ನನಗೆ ಗೊತ್ತಿತ್ತು” ಅಂದ. “ಆ ಉಪ್ಪು ಸಾರಿನ ದಿನಾನೇ ನಾನು ಶ್ಯಾವಿಗೆಗೆ ಸಕ್ಕರೆನೇ ಹಾಕಿರ್ಲಿಲ್ಲ. ನೀವು ಪಾಸ್ ಮಾಡಿದ್ರಿ. ಯಾರೂ ನೋಡದಂಗೆ ಮೇಲೆ ತಗೊಂಡು ಹೋಗಿ ಹಾಕ್ಕೊಂಡು ಬಂದೆ. ಟೀಚರಕ್ಕ ಉಪ್ಪು ಹಾಕಿದ್ದು ಸುಳ್ಳು ಅಂತನೂ ಗೊತ್ತಿತ್ತು.” ಇನ್ನೊಂದು ಮನೆಯಾಕೆ, ತಾನು ಪ್ರತಿ ವರ್ಷ ಗಂಡನಿಗೆ ಎರಡು ಸಲ ತಿನ್ನಿಸಿ ನೋಡಿಯೇ ತರುತ್ತಿದ್ದೆ, ಸಾಬ್‌ಗೆ ತೊಂದರೆ ಆಗಬಾರದೆಂದು, ಅಂದಳು. ಇನ್ನೊಬ್ಬರು, ಮತ್ತೊಬ್ಬರು. ಪ್ರತಿ ಮನೆಯವರೂ ತಮಗೊಬ್ಬರಿಗೇ ಗೊತ್ತು ಎಂದುಕೊಂಡು, ಬೇರೆ ಮನೆಗೆ ತಿಳಿಯದ ಹಾಗೆ ಕಾಪಾಡಿಕೊಂಡು ಬಂದಿದ್ದರು. ಸಲ್ಮಾ ಮಾತ್ರ ಸೊಂಟದ ಮೇಲೆ ಕೈಯಿಟ್ಟು, “ಹಂಗಾದ್ರೆ ನನ್ನ ಬಾತ್ ಯಾಕ್ ಫೇಲ್ ಮಾಡಿದ್ರಿ? ಏನ್ ಕಮ್ಮಿ ಆಗಿತ್ತು ಅಂತ ಒಂದ್ ವರ್ಷ ತಲಿ ಕೆಡಿಸ್ಕೊಂಡೀನ್ರಿ” ಎಂದು ಕೇಳಿದಳು.

“ಟೀಚರ್ ಕೆಮ್ಮಿದ್ರು” ಅಂದರು ಸುಬೇದಾರರು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಸಲ್ಮಾಳ ಕೈ ಹಿಡಿದು ಕ್ಷಮೆ ಕೇಳಿದೆ. ಸುಬೇದಾರರೂ ನಕ್ಕರು, ಆದರೆ ಕೈಗೆ ಏನು ಕೆಲಸ ಕೊಡಬೇಕೆಂದು ತಿಳಿಯದವರಂತೆ ಕರ್ಚೀಫನ್ನು ಮಡಚುತ್ತಾ ಬಿಚ್ಚುತ್ತಾ ನಿಂತಿದ್ದರು. ಅವರ ಸೊಸೆ ಅಲ್ಲೇ ಇದ್ದಳು. ಅಭ್ಯಾಸಬಲದಿಂದ ಒಂದು ಕುರ್ಚಿ ಎಳೆದು ತಂದಳು. ಆದರೆ ಕೂರಿ ಎನ್ನಲು ಅವಳಿಗೂ ಬಾಯಿ ಬರಲಿಲ್ಲ.

“ತೋ ಇನ್ಮೇಲೆ ಪಾಸ್ ಯಾರು ಮಾಡ್ತಾರೆ?” ಮಿನ್ನಿ ಕೇಳಿದಳು.

“ನಾನೇ” ಅಂದರು ಸುಬೇದಾರರು, ಕರ್ಚೀಫನ್ನು ಜೇಬಿಗೆ ತುರುಕುತ್ತಾ. “ಲಂಗರಿನಲ್ಲಿ ಮೊದಲ ತುತ್ತು ಯಾಕೆ ತಿಂತೀವಿ ಗೊತ್ತಾ? ರುಚಿ ಆಮೇಲಿನ ಮಾತು. ಊಟದಲ್ಲಿ ಏನಾದ್ರೂ ಕೆಟ್ಟಿದ್ರೆ ಮೊದಲು ನಮ್ಮ ಹೊಟ್ಟೆ ಕೆಡಲಿ, ಹುಡುಗರದ್ದು ಉಳೀಲಿ ಅಂತ. ಅದಕ್ಕೆ ನಾಲಿಗೆ ಬೇಡ. ಹೊಟ್ಟೆ ಇನ್ನೂ ಸರ್ವಿಸ್‌ನಲ್ಲಿದೆ.”

ಒಂದು ತಟ್ಟೆ ತೆಗೆದುಕೊಂಡು ಪ್ರತಿ ಪಾತ್ರೆಯಿಂದಲೂ ಒಂದೊಂದು ತುತ್ತು ಹಾಕಿಸಿಕೊಂಡರು. ಮಿನ್ನಿಯ ಪಾಯಸ ಒಂದು ಬಟ್ಟಲು ತುಂಬ. ಸೊಸೆ ತಂದ ಕುರ್ಚಿಯ ಪಕ್ಕದಲ್ಲಿ ನಿಂತುಕೊಂಡೇ ಎಲ್ಲವನ್ನೂ ತಿಂದು ಮುಗಿಸಿ, ಕೈ ತೊಳೆದು, ವಾಚು ನೋಡಿಕೊಂಡರು. “ಹತ್ತು ನಿಮಿಷ ಕಾಯಿರಿ” ಅಂದರು.

ಎಲ್ಲರಿಗೂ ಹೊಟ್ಟೆ ಹಸಿದಿತ್ತು. ಹೋಳಿಗೆ ಆರುತ್ತಿತ್ತು, ಪಾಯಸದ ಮೇಲೆ ಕೆನೆ ಕಟ್ಟುತ್ತಿತ್ತು. ಆದರೂ ಆ ಬಿಸಿಲಿನಲ್ಲಿ ಒಬ್ಬರೂ ತಟ್ಟೆ ಮುಟ್ಟಲಿಲ್ಲ. ಮಕ್ಕಳು ಕೂಡ ಅವರ ಮುಖವನ್ನೇ ನೋಡುತ್ತಾ ನಿಂತವು. ಹತ್ತು ನಿಮಿಷ ಪೂರ್ತಿ ಮುಗಿದ ಮೇಲೆ ಅವರು ವಾಚಿನಿಂದ ತಲೆಯೆತ್ತಿದರು.

“ಬದುಕಿದ್ದೀನಿ” ಅಂದರು. “ಬಡಿಸಿ.”